ಮೊದಲಿನ ಚಿತ್ರ, ಈಗಿನ ಚಿತ್ರ, ನಡುವಿನದು ಎಲ್ಲಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹಳೇ ಕಾರುಗಳನ್ನು ಮನೆಯ ಗ್ಯಾರೇಜಿನಲ್ಲೇ ಸರಿಮಾಡುವವರ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಒಂದು ಪುಟ ತುಂಬಾ ಬರೆದಿದ್ದೀರಿ. ಬೆಳಿಗ್ಗೆ ಪತ್ರಿಕೆ ಕೈಗೆ ಬಂದ ತಕ್ಷಣ ಓದಿದೆ, ಮಧ್ಯಾಹ್ನ ಇನ್ನೊಮ್ಮೆ ಓದಿದೆ. ಇಂಥ ವಿಷಯಕ್ಕೆ ಇಷ್ಟು ಜಾಗ ಕೊಟ್ಟಿದ್ದು ಖುಷಿಯಾಯಿತು. ಆದರೆ ಆ ಪುಟದ ಚಿತ್ರಗಳ ಬಗ್ಗೆ ನನಗೆ ಎರಡು ತಕರಾರಿದೆ. ಮನಸ್ಸಿನಲ್ಲೇ ಇಟ್ಟುಕೊಳ್ಳುವುದಕ್ಕಿಂತ ಬರೆದುಬಿಡೋಣ ಅಂತ ಕೂತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಪುಟದ ಮೇಲ್ಭಾಗದಲ್ಲಿ ಎರಡು ಚಿತ್ರ ಇತ್ತು. ಎಡಗಡೆ ಧೂಳು ಹಿಡಿದು, ಟೈರಿನ ಗಾಳಿ ಇಳಿದು, ಒಂದು ಹೆಡ್‌ಲೈಟ್ ಒಡೆದು ನಿಂತ ಪುಟ್ಟ ಕಾರು. ಬಲಗಡೆ ಅದೇ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಕೆಳಗೆ 'ಮೊದಲು' ಮತ್ತು 'ಈಗ' ಅಂತ ಎರಡೇ ಪದ. ಈ ಎರಡು ಚಿತ್ರದ ನಡುವೆ ಆ ಮನುಷ್ಯ ಎಷ್ಟು ವರ್ಷ ಕಳೆದಿದ್ದಾರೆ, ಎಷ್ಟು ಕಡೆ ತಗಡು ಕತ್ತರಿಸಿದ್ದಾರೆ, ಎಷ್ಟು ಸಲ ಕೈ ಕೊಯ್ದುಕೊಂಡಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ಬರಹದಲ್ಲೂ ಅದಕ್ಕೆ ಒಂದೇ ಸಾಲು: 'ಶ್ರಮವಹಿಸಿ ಮೊದಲಿನಂತೆ ಮಾಡಿದ್ದಾರೆ.' ಬಣ್ಣದ ಬಗ್ಗೆ ಮಾತ್ರ ಎರಡು ಪ್ಯಾರಾ.

ಇದನ್ನು ಸುಮ್ನೆ ತಪ್ಪು ಹುಡುಕಲಿಕ್ಕೆ ಹೇಳುತ್ತಿಲ್ಲ. ನಾನೂ ನನ್ನ ಮಗಳೂ ನಾಲ್ಕು ವರ್ಷದಿಂದ 1974ರ ಒಂದು ಕಾರನ್ನು, 'ಮಿನಿ' ಎಂಬ ಬ್ರಿಟನ್ನಿನ ಪುಟ್ಟ ಕಾರನ್ನು, ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಕಟ್ಟುತ್ತಿದ್ದೇವೆ. ನಮ್ಮ ಗುರುತಿನವರಿಗೆಲ್ಲ ಇದು ಗೊತ್ತು. ನಿಮ್ಮ ಲೇಖನ ಬಂದ ದಿನ ಸಂಜೆಯೊಳಗೆ ಇಬ್ಬರು ಫೋನ್ ಮಾಡಿದರು, ಇಬ್ಬರಿಗೂ ಈಗ ಹಳೇ ಕಾರು ಕೊಳ್ಳುವ ಆಸೆ ಹುಟ್ಟಿದೆ. ಒಳ್ಳೇದು. ಆದರೆ ಇಬ್ಬರೂ ಕೇಳಿದ ಮೊದಲ ಪ್ರಶ್ನೆ ಒಂದೇ: 'ಯಾವ ಪೇಂಟ್ ಚೆನ್ನಾಗಿರುತ್ತೆ?' ಇನ್ನೂ ಕಾರು ನೋಡಿಲ್ಲ, ಅಡಿಯಲ್ಲಿ ಇಣುಕಿಲ್ಲ, ಆಗಲೇ ಪೇಂಟು. ಆ ಎರಡು ಚಿತ್ರ ಕಲಿಸಿದ್ದು ಅದನ್ನೇ ಅಲ್ವಾ?

ಮೊದಲು ಕಾರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅದರ ಹುಟ್ಟಿನಲ್ಲೇ ನಮ್ಮ ಕೆಲಸದ ಸುಖವೂ ಇದೆ, ಕಷ್ಟವೂ ಇದೆ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಪೆಟ್ರೋಲ್ ಕುಡಿಯುವ, ನಾಲ್ಕು ಜನ ಕೂರುವ ಕಾರು ಬೇಕಾಯಿತು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ಅದನ್ನು ಮಾಡಿಕೊಟ್ಟರು. ಮಿನಿ ಜನರ ಮುಂದೆ ಬಂದದ್ದು 1959ರ ಆಗಸ್ಟ್ 26ರಂದು. ಉದ್ದ ಬರೀ 3.05 ಮೀಟರ್. ಚಕ್ರ ಹತ್ತು ಇಂಚಿನದು. ಇಂಜಿನ್ನನ್ನು ಅಡ್ಡ ತಿರುಗಿಸಿ ಕೂರಿಸಿ, ಗೇರ್‌ಬಾಕ್ಸನ್ನು ಇಂಜಿನ್ನಿನ ಹೊಟ್ಟೆಯೊಳಗೇ, ಆಯಿಲ್ ನಿಲ್ಲುವ ಜಾಗದಲ್ಲೇ ಇಟ್ಟುಬಿಟ್ಟರು. ಎರಡಕ್ಕೂ ಒಂದೇ ಆಯಿಲ್. ರಸ್ತೆಯ ಕುಲುಕು ತಡೆಯುವ ಸಸ್ಪೆನ್ಷನ್ನಿಗೆ ಕಬ್ಬಿಣದ ಸ್ಪ್ರಿಂಗ್ ಬದಲು ರಬ್ಬರಿನ ಗಟ್ಟಿ ಕೋನ್, ಅದು ಅಲೆಕ್ಸ್ ಮೋಲ್ಟನ್ ಅವರ ಕೆಲಸ. ಹೀಗೆ ಜಾಗ ಉಳಿಸಿ ಉಳಿಸಿ ಕಾರಿನ ನೆಲದ ನೂರಕ್ಕೆ ಸುಮಾರು 80 ಭಾಗ ಜನಕ್ಕೂ ಸಾಮಾನಿಗೂ ಬಿಟ್ಟರು. 2000ದವರೆಗೆ 53 ಲಕ್ಷಕ್ಕೂ ಜಾಸ್ತಿ ಕಾರು ತಯಾರಾದವು. ಕಾರುಗಳ ಹೆಸರಾಂತ ಓಟವಾದ ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದದ್ದು ಇದೇ ಪುಟಾಣಿ.

ಇಂಥ ಸಣ್ಣ ಕಾರು ಮನೆಯ ಗ್ಯಾರೇಜಿಗೆ ಹೇಳಿ ಮಾಡಿಸಿದ್ದು. ಒಳಗೆ ನಿಲ್ಲಿಸಿದರೂ ಸುತ್ತ ಓಡಾಡಲು ಜಾಗ ಉಳಿಯುತ್ತದೆ. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಎಲ್ಲ ಒಬ್ಬರೇ ಬಿಚ್ಚಿ ಎತ್ತಿಡಬಹುದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಪ್ರತಿಯೊಂದು ಭಾಗವೂ ಕಣ್ಣಿಗೆ ಕಂಡು ಕೈಗೆ ಸಿಗುತ್ತದೆ. ಆದರೆ ಕಾರು ಸಣ್ಣದು ಅಂತ ಕೆಲಸ ಸಣ್ಣದಾಗುವುದಿಲ್ಲ. ದೊಡ್ಡ ಕಾರಿನಲ್ಲಿ ಇರುವ ಬ್ರೇಕು, ಸ್ಟೀರಿಂಗು, ವೈರಿಂಗು, ಕೂಲಿಂಗು ಎಲ್ಲವೂ ಇದರಲ್ಲೂ ಇದೆ, ಆದರೆ ಒಂದರ ಮೇಲೊಂದು ಒತ್ತಿ ತುಂಬಿದ್ದಾರೆ. ಒಂದು ನಟ್ಟಿಗೆ ಸ್ಪ್ಯಾನರ್ ಹಾಕಬೇಕಾದರೆ ಮೂರು ಸಾಮಾನು ಪಕ್ಕಕ್ಕೆ ಸರಿಸಬೇಕು.

ಜೊತೆಗೆ ಇದಕ್ಕೆ ಬೇರೆ ಚಾಸಿ ಅಂತ ಇಲ್ಲ. ಬಾಡಿಯ ತಗಡೇ ಇಡೀ ಭಾರ ಹೊರುತ್ತದೆ. ಮುಂದೆ ಒಂದು, ಹಿಂದೆ ಒಂದು ಸಬ್‌ಫ್ರೇಮ್ ಎಂಬ ಕಬ್ಬಿಣದ ಚೌಕಟ್ಟು ಇದೆ ಅಷ್ಟೆ, ಇಂಜಿನ್ ಮತ್ತು ಚಕ್ರಗಳು ಅದಕ್ಕೆ ಕೂತಿರುತ್ತವೆ. ಹಾಗಾಗಿ ತಗಡಿಗೆ ತುಕ್ಕು ಹಿಡಿಯಿತು ಅಂದರೆ ಅದು ಬರೀ ಅಂದಗೇಡಲ್ಲ, ಮನೆಯ ಕಂಬಕ್ಕೆ ಗೆದ್ದಲು ಹಿಡಿದ ಹಾಗೆ.

ನಾವು ಕೊಂಡ ದಿನ ನಮ್ಮ ಕಾರು ಕೆಂಪಗೆ ಮಿಂಚುತ್ತಿತ್ತು. ಮಾರಿದವರು 'ಬಾಡಿ ಪೂರ್ತಿ ಆಗಿದೆ, ಇಂಜಿನ್ ಒಂದು ನೋಡಿಕೊಂಡರೆ ಸಾಕು' ಅಂದಿದ್ದರು. ಮನೆಗೆ ತಂದ ಮೂರನೇ ದಿನ ಮಗಳು ಒಂದು ಸಣ್ಣ ಅಯಸ್ಕಾಂತ ಹಿಡಿದು ಕಾರಿನ ಸುತ್ತ ಬಂದಳು. ಬಾಗಿಲ ಕೆಳಗೆ ಉದ್ದಕ್ಕೆ ಒಂದು ತಗಡಿನ ಪೆಟ್ಟಿಗೆ ಇರುತ್ತದೆ, ಅದಕ್ಕೆ ಸಿಲ್ ಅನ್ನುತ್ತಾರೆ. ಅದರ ಹಿಂಭಾಗಕ್ಕೆ ಬಂದಾಗ ಅಯಸ್ಕಾಂತ ಕಚ್ಚಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಅವಳು ಮತ್ತೆ ಇಟ್ಟಳು, ಮತ್ತೆ ಬಿತ್ತು. ನಾನು ಸ್ಕ್ರೂಡ್ರೈವರಿನ ತುದಿ ಇಟ್ಟು ಮೆಲ್ಲಗೆ ಒತ್ತಿದೆ. ಪಟ್ ಅಂತ ಒಂದು ಚಕ್ಕೆ ಎದ್ದು ಬಂತು, ನನ್ನ ಹೆಬ್ಬೆರಳಿನಷ್ಟು ದಪ್ಪ ಪುಟ್ಟಿ. ಅದರ ಹಿಂದೆ ತಗಡಿರಲಿಲ್ಲ. ಬೆರಳು ಹಾಕಿ ಎಳೆದರೆ ಮಡಚಿ ಮಡಚಿ ತುರುಕಿದ್ದ ನ್ಯೂಸ್‌ಪೇಪರ್ ಹಾಳೆ ಬಂತು, ಒದ್ದೆ ಮುದ್ದೆ, ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ತೂತಿಗೆ ಕಾಗದ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಿದ್ದರು. ಮೇಲೆ ಥಳುಕು ಒಳಗೆ ಹುಳುಕು ಅನ್ನುವುದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ.

ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಮೂಲದ ಸಿಲ್ ಕೊಳೆತ ಮೇಲೆ ಅದನ್ನು ಕತ್ತರಿಸಿ ತೆಗೆಯದೆ, ಅದರ ಮೇಲೇ ಇನ್ನೊಂದು ಅಗಲದ ತಗಡನ್ನು ಹೊದಿಸಿ ವೆಲ್ಡ್ ಮಾಡಿದ್ದರು. ಈ ಕಾರುಗಳಲ್ಲಿ ಇದು ತೀರಾ ಮಾಮೂಲು ಮೋಸ. ಕಾರ್ಖಾನೆಯವರು ಸಿಲ್ಲಿನ ಒಳಗೆ ಸೇರಿದ ನೀರು ಇಳಿಯಲಿ, ಗಾಳಿ ಆಡಲಿ ಅಂತ ಅಡಿಯಲ್ಲಿ ಸಣ್ಣ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಹೊದಿಕೆಯ ತಗಡು ಆ ಕಿಂಡಿಗಳನ್ನೇ ಮುಚ್ಚುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ದಾರಿಯಿಲ್ಲ, ಹಳೇ ತುಕ್ಕು ಹೊಸ ತಗಡನ್ನೂ ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಚೆಂದ. ನಿಮ್ಮ ಪುಟದ ಬಲಗಡೆಯ ಚಿತ್ರದ ಹಾಗೇ. ಆ ಕಾರಿನ ಕೆಲಸ ಕಳಪೆ ಅಂತ ನಾನು ಖಂಡಿತ ಹೇಳುತ್ತಿಲ್ಲ, ಅವರು ಶ್ರದ್ಧೆಯಿಂದ ಮಾಡಿದ್ದಾರೆ ಅಂತ ಬರಹದಿಂದಲೇ ಗೊತ್ತಾಗುತ್ತದೆ. ಆದರೆ ಶ್ರದ್ಧೆಯ ಕೆಲಸಕ್ಕೂ ಕಾಗದ ತುರುಕಿದ ಕೆಲಸಕ್ಕೂ ಆ ಕೊನೆಯ ಚಿತ್ರದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನನ್ನ ದೊಡ್ಡ ತಕರಾರು ಇದು.

ನಡುವಿನ ಚಿತ್ರದಲ್ಲಿ ಏನಿರಬೇಕಿತ್ತು ಅಂತ ಕೇಳುತ್ತೀರಾ? ನಮ್ಮದನ್ನೇ ಹೇಳುತ್ತೇನೆ.

ಮೊದಲ ಎರಡು ತಿಂಗಳು ನಾವು ಏನನ್ನೂ ಸರಿಮಾಡಲಿಲ್ಲ. ಬರೀ ಬಿಚ್ಚಿದೆವು, ಫೋಟೋ ತೆಗೆದೆವು, ಬರೆದಿಟ್ಟೆವು. ಯಾವ ಭಾಗ ಬಿಚ್ಚುವ ಮೊದಲೂ ಅದು ಕೂತಿರುವ ಹಾಗೇ ನಾಲ್ಕು ಕಡೆಯಿಂದ ಫೋಟೋ. ಬಿಚ್ಚಿದ ನಟ್ಟು ಬೋಲ್ಟು ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಚೀಲದೊಳಗೆ ಒಂದು ಚೀಟಿ, ಚೀಲದ ಮೇಲೂ ಅದೇ ಬರಹ. ಒಳಗೂ ಯಾಕೆ ಅಂದರೆ ಮೇಲೆ ಬರೆದ ಮಸಿ ಆಯಿಲ್ ತಗುಲಿದರೆ ಅಳಿಸುತ್ತದೆ, ನಮಗೆ ಎರಡು ಚೀಲದಲ್ಲಿ ಹಾಗಾಯಿತು. ವೈರುಗಳಿಗೆ ಬಟ್ಟೆಯ ಟೇಪ್ ಸುತ್ತಿ ನಂಬರು. ಒಂದು ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ. ಇದನ್ನೆಲ್ಲ ಮಗಳು ನೋಡಿಕೊಂಡಳು, ನನಗಿಂತ ಅವಳ ಅಕ್ಷರ ಚೆನ್ನಾಗಿದೆ. ಇವತ್ತು ಬಿಚ್ಚಿದ್ದನ್ನು ಮುಂದಿನ ವಾರವೇ ಕೂರಿಸುತ್ತೇವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾವು ವೈಪರ್ ಮೋಟರ್ ಬಿಚ್ಚಿ ವಾಪಸ್ ಕೂರಿಸುವ ಹೊತ್ತಿಗೆ ಮೂರು ವರ್ಷ ಆಗಿತ್ತು. ಆ ಫೋಟೋ ಇಲ್ಲದಿದ್ದರೆ ಯಾವ ವಾಷರ್ ಎಲ್ಲಿ ಅಂತ ದೇವರಿಗೇ ಗೊತ್ತು.

ಆಮೇಲೆ ಸಿಲ್ ಕತ್ತರಿಸುವುದು. ಈ ಕೆಲಸಕ್ಕೆ ಕೈ ಹಾಕುವವರು ಒಂದು ಮಾತು ಚೆನ್ನಾಗಿ ನೆನಪಿಡಬೇಕು. ಸಿಲ್ಲುಗಳೇ ಬಾಡಿಯ ಬೆನ್ನೆಲುಬು, ಅವನ್ನು ಹಾಗೇ ಕತ್ತರಿಸಿದರೆ ಕಾರು ನಡುವಿನಲ್ಲಿ ಕುಸಿಯುತ್ತದೆ, ಒಂದೆರಡು ಮಿಲಿಮೀಟರ್ ಕುಸಿದರೂ ಆಮೇಲೆ ಬಾಗಿಲು ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ಅದಕ್ಕೆ ಮೊದಲೇ ಬಾಗಿಲ ಚೌಕಟ್ಟಿನೊಳಗೆ ಅಡ್ಡಕ್ಕೂ ಓರೆಗೂ ಕಬ್ಬಿಣದ ಪೈಪ್ ಕೊಟ್ಟು ವೆಲ್ಡ್ ಮಾಡಿ ಬಿಗಿದುಕೊಳ್ಳಬೇಕು. ಒಂದು ಕಡೆ ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆ ಮುಟ್ಟಬಾರದು. ಹೊಸ ತಗಡನ್ನು ಮೊದಲು ಕ್ಲ್ಯಾಂಪಿನಲ್ಲಿ ಹಿಡಿದು, ಬಾಗಿಲು ವಾಪಸ್ ಹಾಕಿ, ಮುಚ್ಚಿ, ಸುತ್ತಲ ಸಂದು ಒಂದೇ ಸಮ ಇದೆಯಾ ನೋಡಿ, ಆಮೇಲೆ ವೆಲ್ಡಿಂಗ್. ನಾವು ಬಲಗಡೆಯ ಬಾಗಿಲನ್ನು ಹೀಗೆ ಹಾಕಿ ತೆಗೆದದ್ದು ಹನ್ನೊಂದು ಸಲ.

ತಗಡು ಒಂದು ಮಿಲಿಮೀಟರಿಗಿಂತ ತೆಳು. ಒಂದೇ ಗೀಟಿಗೆ ವೆಲ್ಡ್ ಎಳೆದುಕೊಂಡು ಹೋದರೆ ಕಾವಿಗೆ ಸೊಟ್ಟಗಾಗುತ್ತದೆ, ಇಲ್ಲವೇ ಸುಟ್ಟು ತೂತು ಬೀಳುತ್ತದೆ. ಇಲ್ಲಿ ಒಂದು ಚುಕ್ಕಿ, ಒಂದು ಗೇಣು ಬಿಟ್ಟು ಇನ್ನೊಂದು ಚುಕ್ಕಿ, ತಣ್ಣಗಾಗುವವರೆಗೆ ಕಾಯುವುದು, ಮತ್ತೆ ನಡುವೆ ಒಂದು ಚುಕ್ಕಿ. ಬಟ್ಟೆಗೆ ಮೊದಲು ದೂರ ದೂರ ಕಚ್ಚಾ ಹೊಲಿಗೆ ಹಾಕಿಕೊಂಡು ಆಮೇಲೆ ಹೊಲಿಯುತ್ತಾರಲ್ಲ, ಹಾಗೆ. ನಾನು ವೆಲ್ಡಿಂಗ್ ಕಲಿತದ್ದು ಈ ಕಾರಿಗಾಗಿಯೇ, ಮೊದಲ ಎರಡು ತಿಂಗಳು ಬರೀ ಚೂರು ತಗಡಿನ ಮೇಲೆ ಅಭ್ಯಾಸ. ನೆಲ, ಎರಡು ಸಿಲ್, ಹಿಂದಿನ ಸೀಟಿನ ಮುಂದಿನ ಅಡ್ಡ ತಗಡು, ಬ್ಯಾಟರಿ ಕೂರುವ ಗುಂಡಿ, ಇಷ್ಟಕ್ಕೇ ಒಂದೂವರೆ ವರ್ಷ ಆಯಿತು. ಈ ಕಾರಿನಲ್ಲಿ ಬ್ಯಾಟರಿ ಡಿಕ್ಕಿಯ ನೆಲದಡಿ ಇರುತ್ತದೆ, ಅದರ ಆಸಿಡ್ ಸೋರಿ ಸುತ್ತಲ ತಗಡನ್ನು ಜರಡಿ ಮಾಡಿತ್ತು. ಹಿಂದಿನ ಸಬ್‌ಫ್ರೇಮ್ ಅಂತೂ ಸುತ್ತಿಗೆಯಲ್ಲಿ ತಟ್ಟಿದರೆ ಪುಡಿ ಉದುರುತ್ತಿತ್ತು, ಅದನ್ನು ಹೊಸದೇ ಹಾಕಿದೆವು.

ಈಗ ಇನ್ನೊಂದು ತಕರಾರಿಗೆ ಬರುತ್ತೇನೆ. ಇದು ಒಂದೇ ಚಿತ್ರದ ಬಗ್ಗೆ, ಆದರೆ ಇದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು.

ಪುಟದ ಕೆಳಗಡೆ ಒಬ್ಬರು ಕಾರಿನಡಿ ಮಲಗಿ ಕೆಲಸ ಮಾಡುತ್ತಿರುವ ಚಿತ್ರ ಇದೆ. ಕಾರು ಒಂದು ಜಾಕಿನ ಮೇಲೆ ನಿಂತಿದೆ. ಬೇರೆ ಯಾವ ಆಸರೆಯೂ ಕಾಣುವುದಿಲ್ಲ. ಸಂಪಾದಕರೇ, ಆ ಚಿತ್ರ ಹಾಕಬಾರದಿತ್ತು. ಜಾಕ್ ಇರುವುದು ಕಾರನ್ನು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಆಯಿಲ್ ಜಾಕಿನ ಒಂದು ಸಣ್ಣ ಸೀಲು ಕೈಕೊಟ್ಟರೂ ಇಳಿದುಬಿಡುತ್ತದೆ. ಅಡಿಯಲ್ಲಿ ಗಟ್ಟಿ ಬೋಲ್ಟನ್ನು ಬಲವಾಗಿ ಎಳೆದರೆ ಕಾರು ಅಲುಗಾಡಿ ಜಾಕಿನಿಂದ ಜಾರುತ್ತದೆ. ಮಿನಿ ಸಣ್ಣ ಕಾರು ನಿಜ, ಆದರೂ 600 ಕಿಲೋ ಹತ್ತಿರ ಇದೆ. ಎದೆಯ ಮೇಲೆ ಬಿದ್ದರೆ ಸಣ್ಣ ಕಾರು ದೊಡ್ಡ ಕಾರು ಅಂತ ಇಲ್ಲ. ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡ್, ಅಂದರೆ ಕಾರಿನ ಭಾರ ಹೊರುವ ಕಬ್ಬಿಣದ ಆಸರೆ, ಇಡಬೇಕು, ಜಾಕ್ ಇಳಿಸಿ ಭಾರವನ್ನು ಸ್ಟ್ಯಾಂಡಿನ ಮೇಲೆ ಬಿಡಬೇಕು, ಬಿಚ್ಚಿದ ಚಕ್ರವನ್ನೂ ಸಿಲ್ಲಿನಡಿ ತಳ್ಳಿಟ್ಟಿರಬೇಕು, ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಬೇಕು. ಇಷ್ಟಾದ ಮೇಲೆ ಅಡಿಗೆ ಹೋಗುವುದು. ನಮ್ಮ ಗ್ಯಾರೇಜಿನಲ್ಲಿ ಒಬ್ಬರೇ ಇದ್ದಾಗ ಯಾರೂ ಕಾರಿನಡಿ ಹೋಗುವ ಹಾಗಿಲ್ಲ. ಈ ನಿಯಮ ಮಗಳು ಮಾಡಿದ್ದು, ನಾನು ಒಮ್ಮೆಯೂ ಮುರಿದಿಲ್ಲ.

ಮಾತು ಬಂದಿದ್ದರಿಂದ ಇನ್ನೂ ಎರಡು ಮೂರು ಹೇಳಿಬಿಡುತ್ತೇನೆ. ವೆಲ್ಡಿಂಗಿಗೆ ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಗ್ಯಾರೇಜಿನ ಹೊರಗೇ ಇಡಬೇಕು. ಖಾಲಿ ಟ್ಯಾಂಕ್ ಏನು ಮಾಡುತ್ತೆ ಅನ್ನಬೇಡಿ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಅದರೊಳಗೆ ಪೆಟ್ರೋಲಿನ ಆವಿ ಗಾಳಿಯ ಜೊತೆ ಸೇರಿ ಕಿಡಿಗೆ ಕಾಯುತ್ತಿರುತ್ತದೆ. ಈ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಇನ್ನು ಹಳೇ ಕಾರಿನ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿದಾಗ ಒಳಗಿನ ಕಪ್ಪು ಧೂಳನ್ನು ಬಾಯಲ್ಲಿ ಊದುವುದು, ಕಂಪ್ರೆಸರಿನ ಗಾಳಿ ಹೊಡೆಯುವುದು ಎರಡೂ ಮಾಡಲೇಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿಬಿಡಬೇಕು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದನ್ನೂ ಒಣದಾಗಿ ಉಜ್ಜಬಾರದು, ನೀರು ಹಾಕಿ ಉಜ್ಜಬೇಕು, ಮುಖಕ್ಕೆ ಒಳ್ಳೇ ಮಾಸ್ಕ್ ಇರಬೇಕು. ಒಂದು ಸಣ್ಣ ಚೌಕದಲ್ಲಿ ಇಷ್ಟನ್ನು ಹಾಕಿದ್ದರೆ ನಿಮ್ಮ ಪುಟ ಎಷ್ಟು ಜನರಿಗೆ ಉಪಕಾರವಾಗುತ್ತಿತ್ತು!

ಬರೀ ಕಷ್ಟದ ಕತೆ ಹೇಳಿದೆ ಅನ್ನಿಸಬಾರದು. ನಡುವಿನ ಈ ವರ್ಷಗಳಲ್ಲೇ ನಾವು ಸುಖವನ್ನೂ ಕಂಡದ್ದು, ಅದೂ ನಿಮ್ಮ ಎರಡು ಚಿತ್ರಗಳಲ್ಲಿ ಇಲ್ಲ.

ಇಂಜಿನ್ ಸಿಕ್ಕಿಹಾಕಿಕೊಂಡಿತ್ತು, ತಿರುಗುತ್ತಲೇ ಇರಲಿಲ್ಲ. ಜೋರು ಮಾಡಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ತೆಳು ಆಯಿಲ್ ಬಿಟ್ಟು ಹತ್ತು ದಿನ ಬಿಟ್ಟೆವು, ದಿನಾ ಸ್ವಲ್ಪ ಸೇರಿಸುತ್ತಾ. ಹನ್ನೊಂದನೇ ದಿನ ನಾಲ್ಕನೇ ಗೇರಿನಲ್ಲಿಟ್ಟು ಕಾರನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿದಾಗ ಒಳಗಿಂದ ಒಂದು ಉಸಿರು ಬಿಟ್ಟ ಹಾಗೆ ಸದ್ದು ಬಂತು, ಇಂಜಿನ್ ಸುತ್ತಿತು. ಅವತ್ತಿನ ನೋಟ್‌ಬುಕ್ಕಿನಲ್ಲಿ ಮಗಳು ಬರೆದದ್ದು ಒಂದೇ ಪದ: 'ತಿರುಗಿತು'.

848 ಸಿಸಿಯ ಆ ಇಂಜಿನ್ನಿನಲ್ಲಿ ಎಂಟು ವಾಲ್ವ್, ಅಂದರೆ ಗಾಳಿ ಒಳಗೆ ಬಂದು ಹೊಗೆ ಹೊರಗೆ ಹೋಗುವ ಬಾಗಿಲುಗಳು. ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ಟ್ಯಾಪೆಟ್ಟಿನ ಸಂದು, ಇಂಜಿನ್ ತಣ್ಣಗಿದ್ದಾಗ 0.30 ಮಿಲಿಮೀಟರ್ ಇರಬೇಕು. ಅದನ್ನು ಅಳೆಯಲು ಈ ಇಂಜಿನ್ನಿನವರಿಗೆಲ್ಲ ಗೊತ್ತಿರುವ ಒಂದು ಲೆಕ್ಕ ಇದೆ, ಒಂಬತ್ತರ ಲೆಕ್ಕ. 8ನೇ ವಾಲ್ವ್ ಪೂರ್ತಿ ತೆರೆದಿದ್ದಾಗ 1ನೇದನ್ನು ಹೊಂದಿಸಬೇಕು, 6 ತೆರೆದಿದ್ದಾಗ 3, 4 ತೆರೆದಿದ್ದಾಗ 5, ಹೇಗೆ ಕೂಡಿದರೂ 9. ನಾನು ಇಂಜಿನ್ ಮೆಲ್ಲಗೆ ತಿರುಗಿಸುವುದು, ಮಗಳು 'ಏಳು ತೆರೆದಿದೆ ಅಪ್ಪಾ, ಎರಡು ನೋಡಿ' ಅಂತ ಕೂಗುವುದು, ನಾನು ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಸಳನ್ನು ಸಂದಿಗೆ ತೂರಿಸಿ ಎಳೆಯುವುದು. ಎಸಳು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿದರೆ ಸಂದು ಜಾಸ್ತಿ. ಕಚ್ಚಿ ಹಿಡಿದರೆ ಕಮ್ಮಿ. ಎಳೆದಾಗ ಬೆರಳಿಗೆ ಸ್ವಲ್ಪ ತಡೆ ಸಿಗಬೇಕು. ಆ ತಡೆ ಎಷ್ಟು ಅಂತ ಪುಸ್ತಕದಲ್ಲಿ ಓದಿ ತಿಳಿಯುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಈಗ ಅವಳ ಬೆರಳಿಗೆ ಗೊತ್ತಿದೆ.

ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬೊರೇಟರ್ ಎಸ್‌ಯು ಕಂಪನಿಯದು. ಅದರ ಮೇಲಿನ ಗಂಟೆಯಾಕಾರದ ಡಬ್ಬಿಯೊಳಗೆ ಒಂದು ಪಿಸ್ಟನ್ ಇದೆ, ಇಂಜಿನ್ ಎಷ್ಟು ಗಾಳಿ ಕೇಳುತ್ತದೋ ಅಷ್ಟಕ್ಕೆ ಅದು ಏರುತ್ತದೆ ಇಳಿಯುತ್ತದೆ. ಪಿಸ್ಟನ್ ಸಲೀಸಾಗಿ ಆಡುತ್ತಿದೆಯಾ ಅಂತ ನೋಡಲು ಬೆರಳಿನಲ್ಲಿ ಎತ್ತಿ ಬಿಡಬೇಕು. ಬಿದ್ದಾಗ 'ಟಕ್' ಅಂತ ಒಂದು ಮೆತ್ತನೆಯ ಸದ್ದು ಬರಬೇಕು. ನಮ್ಮದು ಮೊದಲು ಬಂದಾಗ ಎತ್ತಿದರೆ ಅಲ್ಲೇ ನಿಲ್ಲುತ್ತಿತ್ತು. ಬಿಚ್ಚಿ, ತೊಳೆದು, ಪೆಟ್ರೋಲ್ ಬರುವ ನಡುವಿನ ಸಣ್ಣ ಕೊಳವೆ ಜೆಟ್ಟನ್ನು ಸರಿಯಾಗಿ ಕೇಂದ್ರಕ್ಕೆ ತಂದು ಕೂರಿಸಿದ ರಾತ್ರಿ ಆ 'ಟಕ್' ಕೇಳಿದಾಗ ಹೊತ್ತು ಹನ್ನೊಂದೂವರೆ. ಇಬ್ಬರೂ ಅದನ್ನು ಇಪ್ಪತ್ತು ಸಲವಾದರೂ ಎತ್ತಿ ಬಿಟ್ಟು ಕೇಳಿದ್ದೇವೆ.

ಬಹಳ ಜನರ ಹಳೇ ಕಾರು ಅರ್ಧಂಬರ್ಧ ನಿಂತುಹೋಗುವುದನ್ನು ನೋಡಿದ್ದೇನೆ. ಬಾಡಿ ಒಂದು ಕಡೆ, ಇಂಜಿನ್ ಒಂದು ಕಡೆ, ಉಳಿದದ್ದೆಲ್ಲ ಡಬ್ಬಗಳಲ್ಲಿ ತುಂಬಿ ಕೊನೆಗೆ ಯಾರಿಗೋ ಮಾರುತ್ತಾರೆ. ಉತ್ಸಾಹ ಇಲ್ಲದೆ ನಿಲ್ಲಿಸುವುದಿಲ್ಲ. ಬಣ್ಣದ ದಿನವನ್ನೇ ಕಣ್ಣಲ್ಲಿ ತುಂಬಿಕೊಂಡು ಶುರು ಮಾಡಿರುತ್ತಾರೆ. ಒಂದು ವರ್ಷ ಕಳೆದರೂ ಕಾರು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿರುತ್ತದೆ. ನಡುವಿನ ದಿನಗಳಲ್ಲಿ ಕಾರು ಹಾಗೇ ಕಾಣುವುದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ನಮಗೂ ಎರಡನೇ ವರ್ಷದಲ್ಲಿ ಮೂರು ತಿಂಗಳು ಗ್ಯಾರೇಜಿನ ಬಾಗಿಲು ತೆರೆಯಲು ಮನಸ್ಸಾಗಿರಲಿಲ್ಲ. ಆಗ ಮಗಳು ಒಂದು ದಾರಿ ಹುಡುಕಿದಳು. ದೊಡ್ಡ ಕೆಲಸ ನಿಂತಾಗ ಒಂದು ಸಣ್ಣ ಕೆಲಸ ಪೂರ್ತಿ ಮುಗಿಸುವುದು. ಒಂದು ಬಾಗಿಲ ಹಿಡಿ, ಇಲ್ಲವೇ ನಡುವಿನ ಸ್ಪೀಡೋಮೀಟರ್. ಬಿಚ್ಚಿ, ತೊಳೆದು, ಕಟ್ಟಿ, ಬಟ್ಟೆ ಸುತ್ತಿ ಶೆಲ್ಫಿನ ಮೇಲೆ. ಶೆಲ್ಫ್ ತುಂಬುತ್ತಾ ಹೋದ ಹಾಗೆ ನಮಗೂ ಕಸುವು ಬಂತು.

ಇನ್ನೊಂದು ವಿಷಯಕ್ಕೆ ನಿಮ್ಮ ಲೇಖನದ ಜೊತೆ ನನ್ನ ಮನಸ್ಸು ಒಪ್ಪಲಿಲ್ಲ. 'ಹೊಸ ಕಾರಿಗಿಂತ ಹೊಸದಾಗಿ ಕಾಣುವುದೇ ಈ ಹವ್ಯಾಸದ ಗುರಿ' ಎಂಬ ಅರ್ಥದ ಮಾತಿದೆ. ನನಗೆ ಹಾಗನ್ನಿಸುವುದಿಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಟ್ಯೂರಿನ್ ಚಾರ್ಟರ್ ಅನ್ನುವ ಒಂದು ಮಾರ್ಗದರ್ಶಿ ಒಪ್ಪಿಕೊಂಡಿದೆ. ಅದರ ತಿರುಳು ಇಷ್ಟೇ: ಉಳಿಸಬಹುದಾದ್ದನ್ನು ಉಳಿಸಿ, ಮೂಲದ ಭಾಗವನ್ನು ಸುಮ್ಮಸುಮ್ಮನೆ ಬದಲಿಸಬೇಡಿ, ಏನು ಮಾಡಿದಿರಿ ಅಂತ ದಾಖಲೆ ಇಡಿ. ಜೀವಕ್ಕೆ ಸಂಬಂಧಪಟ್ಟದ್ದನ್ನು ನಾವು ಮುಲಾಜಿಲ್ಲದೆ ಬದಲಿಸಿದ್ದೇವೆ. ಬ್ರೇಕಿನ ಪೈಪು, ಹೋಸು, ವೀಲ್ ಸಿಲಿಂಡರು, ಟೈರು, ಸೀಟ್ ಬೆಲ್ಟು, ಪೆಟ್ರೋಲ್ ಪೈಪು, ಎಲ್ಲ ಹೊಸದು. ಕುಗ್ಗಿ ಬಿರುಕು ಬಿಟ್ಟಿದ್ದ ರಬ್ಬರ್ ಕೋನುಗಳೂ ಹೊಸವು. ಆದರೆ ಡ್ರೈವರ್ ಸೀಟಿನ ಅಂಚಿನಲ್ಲಿ ಹತ್ತಿ ಇಳಿದು ಸವೆದ ಗುರುತು ಇದೆ, ಅದನ್ನು ಒಳಗಿನಿಂದ ಹೊಲಿದು ಹಾಗೇ ಬಿಟ್ಟೆವು. ಗೇರ್ ಹಿಡಿಯ ಗುಂಡಿನ ಮೇಲಿನ ಅಂಕಿಗಳು ಅರ್ಧ ಅಳಿಸಿವೆ. ಹೊಸ ಗುಂಡು ಸಿಗುತ್ತದೆ, ನಮಗೆ ಬೇಡ. ನಲವತ್ತೈವತ್ತು ವರ್ಷ ಯಾರ ಯಾರದೋ ಅಂಗೈ ತಾಗಿ ಅಳಿಸಿದ ಅಂಕಿಗಳವು. ಒರೆಸಿ ಹೊಸದು ಮಾಡಿದರೆ ಆ ಜನ ಎಲ್ಲಿ ಹೋಗಬೇಕು?

ನನ್ನ ಕೋರಿಕೆ ಇಷ್ಟೇ. ಮುಂದೆ ಇಂಥ ಲೇಖನ ಬರೆಸುವಾಗ ಕಾರಿನ ಯಜಮಾನರ ಹತ್ತಿರ ಮೂರನೇ ಚಿತ್ರ ಒಂದನ್ನು ಕೇಳಿ. ಕೆಲಸ ಮಾಡಿದವರ ಹತ್ತಿರ ಅದು ಇದ್ದೇ ಇರುತ್ತದೆ, ಒಂದಲ್ಲ ನೂರಾರು, ಯಾರೂ ಕೇಳದೆ ಫೋನಿನಲ್ಲಿ ಬಿದ್ದಿರುತ್ತವೆ. ಇಲ್ಲ ಅಂದರೆ ಯಾಕಿಲ್ಲ ಅಂತ ಕೊಳ್ಳುವವರೂ ಕೇಳುವ ಹಾಗಾಗಲಿ. ಕೆಲಸದ ಚಿತ್ರ ಹಾಕುವ ಮೊದಲು ಅದರಲ್ಲಿ ಸ್ಟ್ಯಾಂಡ್ ಇದೆಯಾ, ಕಣ್ಣಿಗೆ ಕನ್ನಡಕ ಇದೆಯಾ, ಒಮ್ಮೆ ನೋಡಿ. ಮತ್ತೆ, ಸಾಧ್ಯವಾದರೆ ಆ ಜಾಕಿನ ಚಿತ್ರದ ಬಗ್ಗೆ ಮುಂದಿನ ಭಾನುವಾರವೇ ಎರಡು ಸಾಲಿನ ಸ್ಪಷ್ಟನೆ ಹಾಕಿ. ನನ್ನ ಪತ್ರ ಹಾಕದಿದ್ದರೂ ಬೇಸರವಿಲ್ಲ, ಅದನ್ನು ಮಾತ್ರ ಹಾಕಿ.

ನಮ್ಮ ಕಾರಿಗೆ ಇನ್ನೂ ಬಣ್ಣ ಆಗಿಲ್ಲ. ಬೂದು ಬಣ್ಣದ ಪ್ರೈಮರಿನಲ್ಲಿ ನಿಂತಿದೆ. ಈ ಭಾನುವಾರ ಬ್ರೇಕಿನ ಪೈಪಿನಿಂದ ಗಾಳಿ ತೆಗೆಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ, ಅದಕ್ಕೆ ಹೊಸ ಡಬ್ಬ ತಂದು ಇನ್ನೂ ಸೀಲ್ ಒಡೆದಿಲ್ಲ. ಅವಳು ಪೆಡಲ್ ಒತ್ತಿ 'ಒತ್ತಿದೆ' ಅನ್ನುತ್ತಾಳೆ, ನಾನು ಚಕ್ರದ ಹತ್ತಿರ ಇರುವ ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಗೆ ಬಂದ ಮೇಲೆ ಬಿಗಿದು 'ಬಿಡು' ಅನ್ನುತ್ತೇನೆ, ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೆ ಹೀಗೇ, ನಾಲ್ಕೂ ಚಕ್ರಕ್ಕೆ.

ಪತ್ರದ ಜೊತೆ ನಮ್ಮ ಮೂರು ಚಿತ್ರ ಕಳಿಸುತ್ತಿದ್ದೇನೆ. ಒಂದು ಕೊಂಡ ದಿನದ್ದು, ಕೆಂಪಗೆ ಹೊಳೆಯುತ್ತಿದೆ. ಇನ್ನೊಂದು ಈಗಿನದು, ಬೂದು. ಮೂರನೆಯದು ಎಡಗಡೆಯ ಸಿಲ್ ಕತ್ತರಿಸಿ ತೆರೆದಾಗ ಹತ್ತಿರದಿಂದ ತೆಗೆದದ್ದು. ಒಳಗೆ ಮಡಚಿ ತುರುಕಿದ ಪತ್ರಿಕೆಯ ಹಾಳೆ ಇದೆ, ಅಕ್ಷರಗಳನ್ನು ಇನ್ನೂ ಓದಬಹುದು. ಒಂದೇ ಹಾಕಲು ಜಾಗ ಇದ್ದರೆ ಅದನ್ನು ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ